ಸೋಮಾರಿ ಕಣ್ಣಿಗೆ ವಿಷನ್ ಥೆರಪಿ: ಎಲ್ಲಿ ಉಪಯೋಗ, ಎಲ್ಲಿ ಕಾಲಹರಣ

ಪ್ರಶ್ನೆ: ನನ್ನ ಮಗಳಿಗೆ 7 ವರ್ಷ. ಶಾಲೆಗೆ ಬಂದಿದ್ದ ಆರೋಗ್ಯ ತಪಾಸಣೆಯ ತಂಡದವರು ಅವಳ ಎಡಗಣ್ಣು ಮಂದವಿದೆ ಎಂದು ಚೀಟಿ ಬರೆದು ಕಳಿಸಿದರು. ಕಣ್ಣಿನ ಡಾಕ್ಟರು ಡ್ರಾಪ್ಸ್ ಹಾಕಿ ಪರೀಕ್ಷಿಸಿ, ಬಲಗಣ್ಣಿಗೆ ಪ್ಲಸ್ 2, ಎಡಗಣ್ಣಿಗೆ ಪ್ಲಸ್ 5.5 ಕನ್ನಡಕ ಬರೆದುಕೊಟ್ಟಿದ್ದಾರೆ. ಕನ್ನಡಕ ಹಾಕಿದರೂ ಎಡಗಣ್ಣಿನಲ್ಲಿ ಅಕ್ಷರಪಟದ 6/24ರ ಸಾಲಿನವರೆಗೆ ಮಾತ್ರ ಓದುತ್ತಾಳೆ. ದಣಿದಾಗ ಆ ಕಣ್ಣು ಮೂಗಿನ ಕಡೆಗೆ ತಿರುಗುತ್ತದೆ. ಇದು ‘ಸೋಮಾರಿ ಕಣ್ಣು’, ಕೆಲವು ವಾರ ಕನ್ನಡಕ ಹಾಕಿಸಿ ಕರೆತನ್ನಿ, ಆಮೇಲೆ ಒಳ್ಳೆಯ ಕಣ್ಣಿಗೆ ಪಟ್ಟಿ ಹಾಕೋಣ ಎಂದಿದ್ದಾರೆ. ಈ ನಡುವೆ ಒಂದು ವಿಷನ್ ಥೆರಪಿ ಕೇಂದ್ರದವರು, 40 ಸಿಟಿಂಗ್ ವ್ಯಾಯಾಮ ಮಾಡಿಸಿದರೆ ಕನ್ನಡಕ, ಪಟ್ಟಿ, ಆಪರೇಷನ್ ಯಾವುದೂ ಬೇಡ, ಓದಿನಲ್ಲೂ ಚುರುಕಾಗುತ್ತಾಳೆ ಎನ್ನುತ್ತಿದ್ದಾರೆ. ಅತ್ತೆಯವರು ಮೆಳ್ಳೆಗಣ್ಣು ಅದೃಷ್ಟ, ಮುಟ್ಟಬೇಡಿ ಎನ್ನುತ್ತಾರೆ. ನನ್ನ 32 ವರ್ಷದ ತಮ್ಮನಿಗೂ ಚಿಕ್ಕಂದಿನಿಂದ ಒಂದು ಕಣ್ಣು ಹೀಗೆಯೇ ಇದೆ. ಅವನಿಗೆ ಈಗ ಏನಾದರೂ ಮಾಡಬಹುದೇ? ನನಗೆ 3 ವರ್ಷದ ಮಗನೂ ಇದ್ದಾನೆ.

ಉತ್ತರ: ತಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿವೆ, ತುರ್ತಾಗಿರುವುದಕ್ಕೆ ಮೊದಲು ಉತ್ತರಿಸುತ್ತೇನೆ. ಬರೆದುಕೊಟ್ಟಿರುವ ಕನ್ನಡಕವನ್ನು ತಡಮಾಡದೆ ಮಾಡಿಸಿ, ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಹಾಕಿಸಿ. ಡಾಕ್ಟರು ಹೇಳಿದ ದಿನಕ್ಕೆ ಮರಳಿ ಹೋಗಿ. ಕನ್ನಡಕವೂ ಬೇಡ, ಪಟ್ಟಿಯೂ ಬೇಡ ಎಂಬ ಷರತ್ತಿನ ಮೇಲೆ ಮಾರುವ 40 ಸಿಟಿಂಗ್‌ಗಳಿಗೆ ಮುಂಗಡ ಹಣ ಕಟ್ಟಬೇಡಿ. ಕಣ್ಣಿನ ವ್ಯಾಯಾಮಗಳೆಲ್ಲ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಕೆಲವು ತೊಂದರೆಗಳಿಗೆ ಅವು ನಿಜವಾಗಿ ಕೆಲಸ ಮಾಡುತ್ತವೆ, ಮತ್ತು ನನ್ನಲ್ಲಿಗೆ ಬರುವ ಕೆಲವರಿಗೆ ನಾನೇ ಬರೆದುಕೊಡುತ್ತೇನೆ. ಆದರೆ ತಮ್ಮ ಮಗಳ ತೊಂದರೆ ಆ ಜಾತಿಯದಲ್ಲ. ಅದೇಕೆ ಎಂಬುದನ್ನು ವಿವರಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಸೋಮಾರಿ ಕಣ್ಣು ಎಂಬ ಹೆಸರೇ ಅರ್ಧ ಗೊಂದಲಕ್ಕೆ ಕಾರಣ. ಅದನ್ನು ಕೇಳಿದವರು, ಕಣ್ಣಿನ ಯಾವುದೋ ಸ್ನಾಯು ಬಲಹೀನವಾಗಿದೆ, ತೋಳಿಗೆ ಕಸರತ್ತು ಮಾಡಿಸಿದಂತೆ ಅದಕ್ಕೂ ಮಾಡಿಸಿದರೆ ಸರಿಹೋಗುತ್ತದೆ ಎಂದು ತಿಳಿಯುತ್ತಾರೆ. ವಾಸ್ತವದಲ್ಲಿ, ನಾವು ಮಂದದೃಷ್ಟಿ ಎನ್ನುವ ಈ ತೊಂದರೆಯಿರುವ ಕಣ್ಣನ್ನು ಒಳಗೆ ಹೊರಗೆ ಪರೀಕ್ಷಿಸಿದರೆ ಸಾಮಾನ್ಯವಾಗಿ ಯಾವ ಊನವೂ ಕಾಣುವುದಿಲ್ಲ. ಊನವಿರುವುದು ಮಿದುಳಿನ ಕಲಿಕೆಯಲ್ಲಿ. ಮಗು ಹುಟ್ಟಿದಾಗ ನೋಡಲು ಬರುತ್ತದೆಯೇ ಹೊರತು ಸ್ಪಷ್ಟವಾಗಿ ನೋಡಲು ಬರುವುದಿಲ್ಲ. ಎರಡೂ ಕಣ್ಣುಗಳಿಂದ ಸ್ಪಷ್ಟ ಚಿತ್ರ ಬರುತ್ತಿದ್ದರೆ ಮಿದುಳು ಮೊದಲ ಏಳೆಂಟು ವರ್ಷಗಳಲ್ಲಿ ಆ ವಿದ್ಯೆಯನ್ನು ಕಲಿತುಕೊಳ್ಳುತ್ತದೆ. ಒಂದು ಕಣ್ಣಿನ ಚಿತ್ರ ಸದಾ ಮಸುಕಾಗಿದ್ದರೆ, ಅಥವಾ ಆ ಕಣ್ಣು ಬೇರೆ ಕಡೆಗೆ ತಿರುಗಿದ್ದರೆ, ಇಲ್ಲವೇ ಹುಟ್ಟಿನಿಂದ ಬಂದ ಪೊರೆಯೋ ಜೋತುಬಿದ್ದ ರೆಪ್ಪೆಯೋ ಬೆಳಕನ್ನೇ ತಡೆದರೆ, ಮಿದುಳು ಆ ಕಣ್ಣಿನ ಸುದ್ದಿಯನ್ನು ಬದಿಗಿಟ್ಟು ಇನ್ನೊಂದರ ಮೇಲೆಯೇ ಬದುಕಲು ಕಲಿಯುತ್ತದೆ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ವಿಜ್ಞಾನಿಗಳು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಎಳೆಯ ವಯಸ್ಸಿನಲ್ಲಿ ಮುಚ್ಚಿಟ್ಟು, ಮಿದುಳಿನ ದೃಷ್ಟಿಭಾಗದಲ್ಲಿ ಆ ಕಣ್ಣಿಗೆ ಸೇರಬೇಕಾದ ಜಾಗವನ್ನು ತೆರೆದ ಕಣ್ಣು ಹೇಗೆ ಆಕ್ರಮಿಸಿಕೊಳ್ಳುತ್ತದೆ ಎಂಬುದನ್ನು ತೋರಿಸಿದರು. ದೊಡ್ಡ ಬೆಕ್ಕುಗಳಲ್ಲಿ ಹಾಗೆ ಮಾಡಿದಾಗ ಅಂಥ ಬದಲಾವಣೆ ಆಗಲಿಲ್ಲ. 1981ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಮಕ್ಕಳ ವಿಷಯದಲ್ಲಿ ನಾವು ವಯಸ್ಸನ್ನು ಅಷ್ಟೊಂದು ಎಣಿಸುವುದು ಈ ಕಾರಣಕ್ಕಾಗಿಯೇ.

ತಮ್ಮ ಮಗಳ ಎರಡು ಕಣ್ಣುಗಳ ನಡುವೆ ಪ್ಲಸ್ 3.5ರಷ್ಟು ಅಂತರವಿದೆ. ಚಿತ್ರವನ್ನು ಸ್ಪಷ್ಟಗೊಳಿಸಲು ಬಲಗಣ್ಣಿಗೆ ಬೇಕಾದಷ್ಟೇ ಶ್ರಮವನ್ನು ಮಿದುಳು ಹಾಕುತ್ತದೆ. ಆ ಶ್ರಮ ಎಡಗಣ್ಣಿಗೆ ಎಂದೂ ಸಾಲುವುದಿಲ್ಲ. ದೂರದ್ದಾಗಲಿ ಹತ್ತಿರದ್ದಾಗಲಿ, ಎಡಗಣ್ಣಿನ ಚಿತ್ರ ಹುಟ್ಟಿದಾಗಿನಿಂದ ಮಸುಕು. ಮಗು ಇದನ್ನು ಹೇಳುವುದಿಲ್ಲ, ಏಕೆಂದರೆ ಅದಕ್ಕೆ ಬೇರೆ ಬಗೆಯ ನೋಟ ಗೊತ್ತೇ ಇಲ್ಲ. ಮಾತು ಬಾರದ ಮಕ್ಕಳನ್ನು ಪರೀಕ್ಷಿಸುವಾಗ ನಾನು ತಾಯಿಯ ತೊಡೆಯ ಮೇಲೆ ಕೂರಿಸಿ, ಮುಂದೆ ಬಣ್ಣದ ಗೊಂಬೆ ಹಿಡಿದು, ಅಂಗೈಯಿಂದ ಒಂದು ಕಣ್ಣನ್ನು ಮುಚ್ಚುತ್ತೇನೆ. ಮಂದ ಕಣ್ಣನ್ನು ಮುಚ್ಚಿದಾಗ ಮಗುವಿಗೆ ಏನೂ ಆದಂತಿರುವುದಿಲ್ಲ, ಗೊಂಬೆಯನ್ನೇ ನೋಡುತ್ತ ನಗುತ್ತಿರುತ್ತದೆ. ಒಳ್ಳೆಯ ಕಣ್ಣಿನ ಮೇಲೆ ಕೈ ಬಂದ ಕ್ಷಣವೇ ಮುಖ ಹೊರಳಿಸುತ್ತದೆ, ನನ್ನ ಕೈಯನ್ನು ತಳ್ಳುತ್ತದೆ, ಕೊನೆಗೆ ಅಳುತ್ತದೆ. ಎದುರಿಗಿದ್ದ ತಾಯಂದಿರಿಗೆ ಮತ್ತೇನನ್ನೂ ವಿವರಿಸಬೇಕಾಗುವುದಿಲ್ಲ.

ಇನ್ನು ವಿಷನ್ ಥೆರಪಿ ಎಂಬ ಮಾತಿಗೆ ಬರೋಣ. ಈ ಒಂದು ಹಲಗೆಯ ಕೆಳಗೆ ಬಹಳ ಭಿನ್ನವಾದ ಸರಕುಗಳು ಮಾರಾಟವಾಗುತ್ತವೆ. ಎರಡು ಕಣ್ಣುಗಳನ್ನು ಒಟ್ಟಿಗೆ ದುಡಿಸುವ ವ್ಯಾಯಾಮಗಳಿಗೆ 19ನೇ ಶತಮಾನದಷ್ಟು ಹಳೆಯ, ಗೌರವಾನ್ವಿತ ಪರಂಪರೆಯಿದೆ. ಫ್ರಾನ್ಸಿನ ವೈದ್ಯ ಎಮಿಲ್ ಜಾವಾಲ್ ಸ್ಟೀರಿಯೊಸ್ಕೋಪ್ ಎಂಬ ಜೋಡಿಚಿತ್ರದ ಪೆಟ್ಟಿಗೆಯನ್ನು ಬಳಸಿ ಮೆಳ್ಳೆಗಣ್ಣಿನವರಿಗೆ ತರಬೇತಿ ಕೊಡುತ್ತಿದ್ದ. ಅದೇ ಮುಂದೆ ಆರ್ಥಾಪ್ಟಿಕ್ಸ್ ಎಂಬ ವಿಭಾಗವಾಗಿ ಬೆಳೆದು, ಇಂದಿಗೂ ದೊಡ್ಡ ಕಣ್ಣಿನ ಆಸ್ಪತ್ರೆಗಳಲ್ಲಿ ಮೆಳ್ಳೆಗಣ್ಣಿನ ಚಿಕಿತ್ಸೆಯ ಅಂಗವಾಗಿದೆ. ಅದೇ ಹೆಸರಿನಲ್ಲಿ, ಬಣ್ಣದ ಗಾಜುಗಳು, ತೂಗಾಡುವ ಚೆಂಡುಗಳು, ಸಮತೋಲನದ ಹಲಗೆಗಳು, ಕಂಪ್ಯೂಟರ್ ಆಟಗಳು ಸೇರಿದ ಪ್ಯಾಕೇಜುಗಳನ್ನು ಯಾವ ಮಗುವಿಗೆ ಯಾವ ತೊಂದರೆ ಎಂದು ಬಿಡಿಸಿ ನೋಡದೆ ಎಲ್ಲರಿಗೂ ಕೊಡುವ ಪದ್ಧತಿಯೂ ಇದೆ. ಆದ್ದರಿಂದ ‘ವಿಷನ್ ಥೆರಪಿ ಕೆಲಸ ಮಾಡುತ್ತದೆಯೇ’ ಎಂದು ಕೇಳಿದರೆ ಯಾರೂ ಸರಿಯಾದ ಉತ್ತರ ಕೊಡಲಾರರು. ಯಾವ ವ್ಯಾಯಾಮ, ಯಾವ ತೊಂದರೆಗೆ, ಯಾವ ವಯಸ್ಸಿನವರಿಗೆ ಎಂದು ಕೇಳಬೇಕು.

ಮಂದದೃಷ್ಟಿಯ ಚಿಕಿತ್ಸೆಯಲ್ಲಿ ಯಾವುದಕ್ಕೆ ಗಟ್ಟಿಯಾದ ಆಧಾರವಿದೆ ಎಂಬುದು ಕಳೆದ ಸುಮಾರು 25 ವರ್ಷಗಳಲ್ಲಿ ಚೆನ್ನಾಗಿ ಇತ್ಯರ್ಥವಾಗಿದೆ. ಅಮೆರಿಕದ ಮಕ್ಕಳ ಕಣ್ಣಿನ ವೈದ್ಯರು ಪೀಡಿಗ್ ಎಂಬ ಹ್ರಸ್ವನಾಮದ ಗುಂಪು ಕಟ್ಟಿಕೊಂಡು, ನೂರಾರು ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿ ಒಂದೊಂದೇ ಪ್ರಶ್ನೆಯನ್ನು ಪರೀಕ್ಷಿಸುತ್ತ ಬಂದರು. ಅವರ ಮೊದಲ ಪಾಠ ಕನ್ನಡಕದ್ದೇ. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಮ್ಮ ಮಗಳಂತೆ ಎರಡು ಕಣ್ಣುಗಳ ಪವರ್‌ನಲ್ಲಿ ಅಂತರವಿದ್ದ 3ರಿಂದ 7 ವರ್ಷದೊಳಗಿನ 84 ಮಕ್ಕಳಿಗೆ ಬರೇ ಕನ್ನಡಕ ಕೊಟ್ಟು ನೋಡಿದರು. ಪಟ್ಟಿಯಿಲ್ಲದೆ, ಔಷಧವಿಲ್ಲದೆ ನೂರಕ್ಕೆ 77 ಮಕ್ಕಳ ಮಂದ ಕಣ್ಣು ಅಕ್ಷರಪಟದಲ್ಲಿ ಎರಡು ಸಾಲು ಅಥವಾ ಅದಕ್ಕಿಂತ ಹೆಚ್ಚು ಸುಧಾರಿಸಿತು. ನೂರಕ್ಕೆ 27 ಮಕ್ಕಳಲ್ಲಿ ತೊಂದರೆ ಪೂರ್ತಿ ಹೋಯಿತು. ಕನ್ನಡಕ ಬೇಡ ಎನ್ನುವ ಕೇಂದ್ರದವರು ಕೈಗೆ ಬಂದ ಚಿಕಿತ್ಸೆಯನ್ನೇ ಕಿತ್ತುಕೊಳ್ಳುತ್ತಿದ್ದಾರೆ ಎಂದು ನಾನು ಕಟುವಾಗಿ ಹೇಳಲು ಇದೇ ಕಾರಣ.

ತಮ್ಮ ಮಗಳಿಗೆ ಕನ್ನಡಕದಿಂದ ಇನ್ನೊಂದು ಲಾಭವೂ ಇದೆ. ಪ್ಲಸ್ ಪವರ್ ಇರುವ ಮಗು ಸ್ಪಷ್ಟವಾಗಿ ನೋಡಲು ಕಣ್ಣಿನೊಳಗಿನ ಮಸೂರವನ್ನು ಸದಾ ಬಿಗಿಹಿಡಿಯಬೇಕು. ಆ ಬಿಗಿತಕ್ಕೂ ಕಣ್ಣುಗಳು ಮೂಗಿನ ಕಡೆ ಸೇರುವುದಕ್ಕೂ ಪ್ರಕೃತಿಯೇ ಕೊಂಡಿ ಹಾಕಿದೆ. ಹತ್ತಿರದ ವಸ್ತು ನೋಡುವಾಗ ನಮಗೆಲ್ಲ ಎರಡೂ ಒಟ್ಟಿಗೆ ಆಗುತ್ತವೆ. ಹೀಗಾಗಿ ಹೆಚ್ಚು ಬಿಗಿಹಿಡಿಯುವ ಮಗುವಿನ ಒಂದು ಕಣ್ಣು ಒಳಕ್ಕೆ ಎಳೆದುಕೊಳ್ಳುತ್ತದೆ. ಸರಿಯಾದ ಪ್ಲಸ್ ಗಾಜು ಆ ಹೊರೆಯನ್ನು ತಾನು ಹೊತ್ತುಕೊಂಡರೆ ಅನೇಕ ಮಕ್ಕಳಲ್ಲಿ ಮೆಳ್ಳೆ ಅರ್ಧವೋ ಪೂರ್ತಿಯೋ ನಿಲ್ಲುತ್ತದೆ, ಕತ್ತರಿಯ ಅಗತ್ಯವೇ ಬರುವುದಿಲ್ಲ. ಇಲ್ಲೊಂದು ಎಚ್ಚರಿಕೆ ಹೇಳಬೇಕು. ಕೆಲವು ತಿಂಗಳ ನಂತರ, ಸ್ನಾನಕ್ಕೆಂದು ಕನ್ನಡಕ ತೆಗೆದಾಗ ಕಣ್ಣು ಮೊದಲಿಗಿಂತ ಹೆಚ್ಚು ಒಳಗೆ ಹೋದಂತೆ ತಮಗೆ ಕಾಣಬಹುದು. ‘ಕನ್ನಡಕ ಹಾಕಿಸಿಯೇ ಮೆಳ್ಳೆ ಜಾಸ್ತಿಯಾಯಿತು’ ಎಂದು ಅದನ್ನು ಬೀರುವಿಗೆ ಸೇರಿಸಿದವರನ್ನು ನಾನು ಬಹಳ ಕಂಡಿದ್ದೇನೆ. ಕನ್ನಡಕ ಹಾಕಿದಾಗ ಕಣ್ಣು ನೇರವಿದ್ದರೆ ಚಿಕಿತ್ಸೆ ಸರಿಯಾದ ದಾರಿಯಲ್ಲಿದೆ ಎಂದೇ ತಿಳಿಯಿರಿ.

ಪಟ್ಟಿಯ ಬಗ್ಗೆ ತಾಯಂದಿರಿಗೆ ಹೆಚ್ಚಿನ ಭಯವಿರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಳ್ಳೆಯ ಕಣ್ಣನ್ನು ಮುಚ್ಚಿ ಮಂದ ಕಣ್ಣನ್ನು ದುಡಿಸುವ ಉಪಾಯವನ್ನು ಫ್ರಾನ್ಸಿನ ನಿಸರ್ಗವಿಜ್ಞಾನಿ ಬಫೋನ್ 1743ರಷ್ಟು ಹಿಂದೆಯೇ ಬರೆದಿದ್ದ. ಇಷ್ಟು ಹಳೆಯ, ಇಷ್ಟು ಅಗ್ಗದ, ಇನ್ನೂ ಯಾವುದರಿಂದಲೂ ಪೂರ್ತಿ ಸೋಲದ ಚಿಕಿತ್ಸೆ ವೈದ್ಯಕೀಯದಲ್ಲಿ ಅಪರೂಪ. ಹಿಂದೆ ದಿನವಿಡೀ ಪಟ್ಟಿ ಹಾಕಿಸುತ್ತಿದ್ದೆವು, ಮಕ್ಕಳು ಶಾಲೆಯಲ್ಲಿ ಗೇಲಿಗೊಳಗಾಗಿ ಕಿತ್ತೆಸೆಯುತ್ತಿದ್ದರು. 2003ರಲ್ಲಿ ಪೀಡಿಗ್‌ನವರು 7 ವರ್ಷದೊಳಗಿನ 189 ಮಕ್ಕಳಲ್ಲಿ ದಿನಕ್ಕೆ 2 ಗಂಟೆಯ ಪಟ್ಟಿಯನ್ನೂ 6 ಗಂಟೆಯ ಪಟ್ಟಿಯನ್ನೂ ಹೋಲಿಸಿದರು. 4 ತಿಂಗಳ ನಂತರ ಎರಡೂ ಪಂಗಡಗಳಲ್ಲಿ ಸರಾಸರಿ ಸುಧಾರಣೆ 2.4 ಸಾಲು. ಇದು ಮಧ್ಯಮ ಪ್ರಮಾಣದ ಮಂದದೃಷ್ಟಿಗೆ ಅನ್ವಯಿಸುವ ಮಾತು. 6/24 ಆ ವರ್ಗಕ್ಕೇ ಸೇರುತ್ತದೆ. ಅದಕ್ಕಿಂತ ತೀವ್ರವಾದ ಮಂದದೃಷ್ಟಿಯಲ್ಲಿ ದಿನಕ್ಕೆ 6 ಗಂಟೆ ಹಾಕಿದ್ದು ದಿನವಿಡೀ ಹಾಕಿದ್ದಕ್ಕೆ ಸಮವಾಯಿತು. ಶಾಲೆಯಿಂದ ಬಂದ ಮೇಲೆ, ಮನೆಯೊಳಗೇ, 2 ಗಂಟೆ ಎಂದರೆ ಹೆಚ್ಚಿನ ಮಕ್ಕಳು ಒಪ್ಪುತ್ತಾರೆ.

ಹಾಗೆ ಹಾಕಿಸುವಾಗ ಪಟ್ಟಿ ಚರ್ಮಕ್ಕೆ ಅಂಟುವಂಥದ್ದಾಗಿರಲಿ, ಅದರ ಮೇಲೆ ಕನ್ನಡಕವಿರಲಿ. ಬಟ್ಟೆಯ ಚೀಲವನ್ನು ಕನ್ನಡಕದ ಗಾಜಿಗೆ ಸಿಕ್ಕಿಸಿದರೆ ಮಗು ಗಲ್ಲ ಎತ್ತಿ, ಮುಖವನ್ನು ಒಂದು ಪಕ್ಕಕ್ಕೆ ವಾಲಿಸಿ, ಮೂಗಿನ ಪಕ್ಕದ ಸಂದಿನಿಂದ ಒಳ್ಳೆಯ ಕಣ್ಣಿನಲ್ಲಿಯೇ ಟಿವಿ ನೋಡುತ್ತಿರುತ್ತದೆ. ಎರಡು ಗಂಟೆ ಪಟ್ಟಿ ಹಾಕಿದ್ದೇವೆ ಎಂದು ತಾವು ಲೆಕ್ಕ ಬರೆದಿಟ್ಟಿರುತ್ತೀರಿ. ತಲೆ ವಾಲಿದ್ದು ಕಂಡರೆ ಇಣುಕುತ್ತಿದ್ದಾಳೆ ಎಂದೇ ಅರ್ಥ. ಮಂದ ಕಣ್ಣಿಗೆ ಹತ್ತಿರದ ಕೆಲಸವೇ ಕೊಡಬೇಕು ಎಂದು ಹಿಂದೆ ನಾವು ಒತ್ತಾಯಿಸುತ್ತಿದ್ದೆವು. 2008ರಲ್ಲಿ 425 ಮಕ್ಕಳಲ್ಲಿ ಅದನ್ನೂ ಪರೀಕ್ಷಿಸಿದಾಗ, ಪಟ್ಟಿ ಹಾಕಿ ಹತ್ತಿರದ ಕೆಲಸ ಮಾಡಿದವರಿಗೂ ದೂರದ್ದನ್ನು ನೋಡಿದವರಿಗೂ ವ್ಯತ್ಯಾಸ ಕಾಣಲಿಲ್ಲ. ಅಂದರೆ ಪಟ್ಟಿಯ ಜೊತೆಗೆ ಮಾರುವ ವಿಶೇಷ ಪುಸ್ತಕ, ವಿಶೇಷ ಆಟಗಳಲ್ಲಿ ಮಂತ್ರವೇನೂ ಇಲ್ಲ. ಚುಕ್ಕಿ ರಂಗೋಲಿ ಹಾಕಲಿ, ಮಣಿ ಪೋಣಿಸಲಿ, ಅಜ್ಜಿಯ ಜೊತೆ ಚೌಕಾಬಾರ ಆಡಲಿ, ಅಕ್ಕಿಯಲ್ಲಿ ಕಲ್ಲು ಆರಿಸಲಿ. ಪಟ್ಟಿ ಇದೆ ಎಂಬುದನ್ನು ಮರೆಸಿದರೆ ಸಾಕು. ಮೆಟ್ಟಿಲು ಇಳಿಯುವಾಗ, ರಸ್ತೆ ದಾಟುವಾಗ ಮಾತ್ರ ಕೈ ಹಿಡಿದುಕೊಳ್ಳಿ.

ಪಟ್ಟಿಯನ್ನು ಮಗಳು ಒಪ್ಪದಿದ್ದರೆ ಅಟ್ರೊಪಿನ್ ಡ್ರಾಪ್ಸ್ ಇದೆ. ಅದನ್ನು ಒಳ್ಳೆಯ ಕಣ್ಣಿಗೆ ಹಾಕಿ ಆ ಕಣ್ಣಿನ ಹತ್ತಿರದ ನೋಟವನ್ನು ಬೇಕೆಂದೇ ಮಸುಕು ಮಾಡುತ್ತೇವೆ. 2002ರಲ್ಲಿ 419 ಮಕ್ಕಳ ಅಧ್ಯಯನದಲ್ಲಿ 6 ತಿಂಗಳ ಹೊತ್ತಿಗೆ ಅಟ್ರೊಪಿನ್ ಪಟ್ಟಿಗೆ ಹೆಚ್ಚುಕಡಿಮೆ ಸಮನಾಗಿ ನಿಂತಿತು. ವಾರಕ್ಕೆ ಎರಡೇ ದಿನ, ಶನಿವಾರ ಭಾನುವಾರ ಹಾಕಿದರೂ ಸಾಕೆಂದು ಮುಂದಿನ ಅಧ್ಯಯನ ತೋರಿಸಿತು. ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತದೆ. ಬಾಟಲಿ ಮಕ್ಕಳ ಕೈಗೆ ಎಟುಕದ ಕಡೆ ಇರಬೇಕು, ಏಕೆಂದರೆ ಕುಡಿದರೆ ಅದು ವಿಷ. ವೈದ್ಯರ ಚೀಟಿಯಿಲ್ಲದೆ ಇದನ್ನು ತರಬೇಡಿ.

ಕನ್ನಡಕ ಹಾಕಿ ಎಷ್ಟು ಕಾಯಬೇಕು ಎಂಬುದರಲ್ಲಿ ನಮ್ಮಲ್ಲೇ ಚರ್ಚೆಯಿದೆ. ಬರೇ ಕನ್ನಡಕದಿಂದ ಆಗುವಷ್ಟು ಸುಧಾರಣೆ ಆಗಲಿ ಎಂದು 4 ತಿಂಗಳವರೆಗೆ ಕಾಯುವ ಪದ್ಧತಿಯಿತ್ತು. 2024ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದು, 3 ವಾರ ಕನ್ನಡಕ ಹಾಕಿಸಿ ಪಟ್ಟಿ ಆರಂಭಿಸಿದವರನ್ನೂ 18 ವಾರ ಕಾದವರನ್ನೂ ಹೋಲಿಸಿತು. ಬೇಗ ಪಟ್ಟಿ ಹಾಕಿದವರಲ್ಲಿ ನೂರಕ್ಕೆ 67, ಕಾದವರಲ್ಲಿ ನೂರಕ್ಕೆ 54 ಮಕ್ಕಳಿಗೆ ಚಿಕಿತ್ಸೆ ಫಲಿಸಿತು. ಈಗಾಗಲೇ 7 ತುಂಬಿರುವ ಮಗುವಿನ ವಿಷಯದಲ್ಲಿ ನಾನು ಹೆಚ್ಚು ಕಾಯುವ ಪಕ್ಷದವನಲ್ಲ. ಮುಂದಿನ ಭೇಟಿಯಲ್ಲಿ ಇದನ್ನು ತಮ್ಮ ಡಾಕ್ಟರ ಬಳಿ ಧಾರಾಳವಾಗಿ ಕೇಳಿ. 7 ವರ್ಷ ದಾಟಿದರೆ ಬಾಗಿಲು ಮುಚ್ಚಿತು ಎಂಬ ಹಳೆಯ ಮಾತೂ ನಿಂತಿಲ್ಲ: 2005ರ ಅಧ್ಯಯನದಲ್ಲಿ 7ರಿಂದ 12 ವರ್ಷದ ಮಕ್ಕಳಲ್ಲಿ ಕನ್ನಡಕದ ಜೊತೆ ಪಟ್ಟಿ ಮತ್ತು ಅಟ್ರೊಪಿನ್ ಬಳಸಿದಾಗ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಕ್ಕಳು ಸುಧಾರಿಸಿದರು, ಕನ್ನಡಕ ಮಾತ್ರ ಹಾಕಿದವರಲ್ಲಿ ಕಾಲು ಭಾಗ. ಸುಧಾರಿಸಿದ ಮೇಲೆ ಪಟ್ಟಿಯನ್ನು ಥಟ್ಟನೆ ನಿಲ್ಲಿಸಬೇಡಿ. ಚಿಕಿತ್ಸೆ ನಿಲ್ಲಿಸಿದ ಒಂದು ವರ್ಷದಲ್ಲಿ ಸುಮಾರು ಕಾಲು ಭಾಗದಷ್ಟು ಮಕ್ಕಳಲ್ಲಿ ಮಂದತೆ ಮರಳುತ್ತದೆ. ದಿನಕ್ಕೆ 6–8 ಗಂಟೆ ಹಾಕುತ್ತಿದ್ದು ಒಮ್ಮೆಲೇ ಬಿಟ್ಟವರಲ್ಲಿ ಅದು ಇನ್ನೂ ಹೆಚ್ಚು.

ಹಾಗಾದರೆ ವ್ಯಾಯಾಮಗಳು ಯಾರಿಗೆ? ಎರಡೂ ಕಣ್ಣುಗಳ ದೃಷ್ಟಿ ಚೆನ್ನಾಗಿದ್ದು, ಓದುವಾಗ ಮಾತ್ರ ಕಣ್ಣುಗಳನ್ನು ಒಳಗೆ ಕೂಡಿಸಲು ಶಕ್ತಿ ಸಾಲದೆ, ಸಾಲುಗಳು ಜೋಡಿಯಾಗಿ ಕಾಣುವುದು, ಹಣೆ ನೋಯುವುದು ಮುಂತಾದ ತೊಂದರೆ ಅನುಭವಿಸುವ ಒಂದು ವರ್ಗವಿದೆ. ಹೈಸ್ಕೂಲು, ಕಾಲೇಜು ಮಕ್ಕಳಲ್ಲಿ ಇದನ್ನು ಕಾಣುತ್ತೇವೆ. ಇವರಿಗೆ ತರಬೇತಿ ನಿಜವಾಗಿ ಉಪಯುಕ್ತ. 2008ರಲ್ಲಿ 9ರಿಂದ 17 ವರ್ಷದ 221 ಮಕ್ಕಳಲ್ಲಿ ನಡೆಸಿದ ಪರೀಕ್ಷೆಯಲ್ಲಿ, 12 ವಾರ ಕ್ಲಿನಿಕ್‌ನಲ್ಲಿ ತರಬೇತುದಾರರ ಎದುರು ವ್ಯಾಯಾಮ ಮಾಡಿದವರಲ್ಲಿ ನೂರಕ್ಕೆ 73 ಮಂದಿಗೆ ಗುಣ ಕಂಡಿತು. ಮನೆಯಲ್ಲಿ ಪೆನ್ಸಿಲನ್ನು ಮೂಗಿನ ತುದಿಯವರೆಗೆ ತಂದು ನೋಡುವ ವ್ಯಾಯಾಮದಿಂದ 43, ವ್ಯಾಯಾಮದಂತೆ ತೋರುವ ಹುಸಿ ತರಬೇತಿಯಿಂದ 35. ಗಮನಿಸಿ, ಹುಸಿ ತರಬೇತಿಯಿಂದಲೂ ಮೂವರಲ್ಲಿ ಒಬ್ಬರಿಗೆ ವಾಸಿಯೆನಿಸಿದೆ. ‘ನಮ್ಮ ಮಗುವಿಗೆ ಗುಣವಾಯಿತು’ ಎಂಬ ಒಬ್ಬಿಬ್ಬರ ಮಾತನ್ನು ನಾವು ಸಾಕ್ಷಿಯಾಗಿ ಒಪ್ಪದಿರುವುದು ಇದಕ್ಕಾಗಿ. ಈ ಅಂಕಿಗಳನ್ನು ತೋರಿಸಿ ಮಂದದೃಷ್ಟಿಗೂ ಸದಾ ಇರುವ ಮೆಳ್ಳೆಗೂ ವ್ಯಾಯಾಮ ಮಾರುವವರಿದ್ದಾರೆ. ಅದು ನೆಗಡಿಯ ಔಷಧಿಯ ಗುಣಗಾನ ಮಾಡಿ ಮುರಿದ ಮೂಳೆಗೆ ಕೊಟ್ಟಂತೆ.

ಮಂದದೃಷ್ಟಿಗೆಂದೇ ಇತ್ತೀಚೆಗೆ ಬಂದಿರುವ, ಎರಡೂ ಕಣ್ಣುಗಳನ್ನು ಒಟ್ಟಿಗೆ ದುಡಿಸುವ ಡಿಜಿಟಲ್ ಚಿಕಿತ್ಸೆಯ ಬಗ್ಗೆ ನನಗೆ ಕುತೂಹಲವಿದೆ, ತಿರಸ್ಕಾರವಿಲ್ಲ. ಒಳ್ಳೆಯ ಕಣ್ಣಿಗೆ ಮಂಕಾದ ಚಿತ್ರ, ಮಂದ ಕಣ್ಣಿಗೆ ಢಾಳಾದ ಚಿತ್ರ ತೋರಿಸಿ, ಎರಡನ್ನೂ ಸೇರಿಸಿದರೆ ಮಾತ್ರ ಆಟ ಮುಂದುವರಿಯುವಂತೆ ಮಾಡುವುದು ಅದರ ತತ್ವ. ಮೊದಲ ಫಲಿತಾಂಶಗಳು ನಿರಾಸೆ ತಂದವು: 2016ರಲ್ಲಿ 385 ಮಕ್ಕಳಲ್ಲಿ ಐಪ್ಯಾಡ್ ಆಟವು 2 ಗಂಟೆಯ ಪಟ್ಟಿಯಷ್ಟು ಫಲ ಕೊಡಲಿಲ್ಲ, 2018ರಲ್ಲಿ ಇನ್ನೊಂದು ಆಟ ಹುಸಿ ಆಟಕ್ಕಿಂತ ಮೇಲಾಗಿ ನಿಲ್ಲಲಿಲ್ಲ. ಆಮೇಲೆ ಮಕ್ಕಳು ಇಷ್ಟಪಡುವ ಕಾರ್ಟೂನುಗಳನ್ನೇ ಈ ರೀತಿ ಬದಲಿಸಿ ತಲೆಗೆ ಕಟ್ಟುವ ಪೆಟ್ಟಿಗೆಯಲ್ಲಿ ತೋರಿಸುವ ಲುಮಿನೋಪಿಯ ಎಂಬ ಸಾಧನಕ್ಕೆ 2021ರಲ್ಲಿ ಅಮೆರಿಕದ ಔಷಧ ನಿಯಂತ್ರಕರು 4ರಿಂದ 7 ವರ್ಷದವರಿಗೆ ಅನುಮತಿ ಕೊಟ್ಟರು. ಅದರ ಪರೀಕ್ಷೆಯಲ್ಲಿ 12 ವಾರಗಳಲ್ಲಿ ಸುಧಾರಣೆ 1.8 ಸಾಲು, ಬರೇ ಕನ್ನಡಕ ಹಾಕಿದವರಲ್ಲಿ 0.8 ಸಾಲು. ಅಲ್ಲಿಯೂ ಮಕ್ಕಳು ಕನ್ನಡಕವನ್ನು ಹಾಕಿಕೊಂಡೇ ನೋಡಿದರು. ತಮ್ಮ ಊರಿನ ಕೇಂದ್ರದಲ್ಲಿರುವ ಕಂಪ್ಯೂಟರ್ ಆಟ ಇಂಥ ಪರೀಕ್ಷೆಗೆ ಒಳಗಾದದ್ದೇ ಎಂದು ಕೇಳುವ ಹಕ್ಕು ತಮಗಿದೆ.

ವ್ಯಾಯಾಮದಿಂದ ನಷ್ಟವೇನು, ಹಣ ತಾನೇ ಎಂದು ಕೆಲವರು ಕೇಳುತ್ತಾರೆ. 40 ಸಿಟಿಂಗ್‌ಗಳ ಹೆಸರಿನಲ್ಲಿ ಹೋಗುವ ಆರೇಳು ತಿಂಗಳು ಈ ವಯಸ್ಸಿನಲ್ಲಿ ದೊಡ್ಡ ನಷ್ಟ. ಇನ್ನೊಂದು ಅಪಾಯ ಅಪರೂಪ, ಆದರೆ ಗಂಭೀರ. ಕಣ್ಣು ತಿರುಗಿದ್ದರೂ ಮಗುವಿಗೆ ಎಲ್ಲವೂ ಎರಡೆರಡಾಗಿ ಕಾಣದಿರುವುದು ಮಿದುಳು ಆ ಕಣ್ಣಿನ ಚಿತ್ರವನ್ನು ಅದುಮಿಟ್ಟಿರುವುದರಿಂದ. ಎರಡು ಚಿತ್ರಗಳನ್ನು ಬೆಸೆಯುವ ಶಕ್ತಿಯೇ ಇಲ್ಲದವರಲ್ಲಿ ಈ ಅದುಮುವಿಕೆಯನ್ನು ಕಸರತ್ತಿನಿಂದ ಕಿತ್ತುಹಾಕಿದರೆ, ಎರಡೆರಡಾಗಿ ಕಾಣುವುದು ಶುರುವಾಗಿ ನಿಲ್ಲದೇ ಹೋಗಬಹುದು. ಬೆಸೆಯುವ ಶಕ್ತಿ ಇದೆಯೇ ಎಂದು ಮೊದಲು ನೋಡಬೇಕು. ನಾವು ಬಳಸುವ ಒಂದು ಪರೀಕ್ಷೆಯಲ್ಲಿ ದೊಡ್ಡ ನೊಣದ ಚಿತ್ರವಿರುತ್ತದೆ. ವಿಶೇಷ ಕನ್ನಡಕ ಹಾಕಿಸಿ, ‘ಅದರ ರೆಕ್ಕೆ ಹಿಡಿಯಮ್ಮ’ ಎಂದರೆ, ಆಳ ಕಾಣುವ ಮಗು ಪುಟಕ್ಕಿಂತ ನಾಲ್ಕು ಬೆರಳು ಮೇಲೆ, ಗಾಳಿಯಲ್ಲಿ, ಬೆರಳು ಚಿವುಟುತ್ತದೆ. ಕೆಲವರು ಹೆದರಿ ಕೈ ಹಿಂದೆಳೆಯುತ್ತಾರೆ. ಆಳ ಕಾಣದ ಮಗು ಬೆರಳನ್ನು ನೇರವಾಗಿ ಕಾಗದದ ಮೇಲಿಡುತ್ತದೆ. ದಣಿದಾಗ ಮಾತ್ರ ಕಣ್ಣು ತಿರುಗುವ ತಮ್ಮ ಮಗಳಲ್ಲಿ ಈ ಶಕ್ತಿ ಸ್ವಲ್ಪವಾದರೂ ಉಳಿದಿರುವ ಸಂಭವವಿದೆ. ಅದು ಉಳಿಯಬೇಕಾದರೂ ಕನ್ನಡಕವೇ ಮೊದಲ ಮೆಟ್ಟಿಲು.

ಓದಿನಲ್ಲಿ ಚುರುಕಾಗುತ್ತಾಳೆ ಎಂಬ ಭರವಸೆಗೆ ಆಧಾರವಿಲ್ಲ. ಮೇಲೆ ಹೇಳಿದ ಕಣ್ಣು ಕೂಡಿಸುವ ತರಬೇತಿಯನ್ನೇ 2019ರಲ್ಲಿ 311 ಮಕ್ಕಳಲ್ಲಿ ಪರೀಕ್ಷಿಸಿದಾಗ, ಓದಿ ಅರ್ಥಮಾಡಿಕೊಳ್ಳುವ ಸಾಮರ್ಥ್ಯ ಹುಸಿ ತರಬೇತಿ ಪಡೆದವರಿಗಿಂತ ಹೆಚ್ಚಲಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರವೈದ್ಯರ ಸಂಘಗಳು 2009ರಲ್ಲಿ ಜಂಟಿಯಾಗಿ, ಡಿಸ್‌ಲೆಕ್ಸಿಯದಂಥ ಕಲಿಕೆಯ ತೊಂದರೆಗೆ ವಿಷನ್ ಥೆರಪಿಯನ್ನು ಬೆಂಬಲಿಸುವ ವೈಜ್ಞಾನಿಕ ಆಧಾರವಿಲ್ಲ ಎಂದು ಹೇಳಿದ್ದವು.

ಅತ್ತೆಯವರ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ, ಏಕೆಂದರೆ ಮಕ್ಕಳನ್ನು ತಡವಾಗಿ ಕರೆತರುವ ಮನೆಗಳಲ್ಲಿ ನಾನು ಅತಿ ಹೆಚ್ಚು ಕೇಳಿದ ಕಾರಣ ಅದೇ. ಅವರನ್ನೂ ಒಮ್ಮೆ ಡಾಕ್ಟರ ಬಳಿ ಕರೆದೊಯ್ದು, ಮೊಮ್ಮಗಳ ಬಲಗಣ್ಣು ಮುಚ್ಚಿ ಅಕ್ಷರ ಓದಿಸುವಾಗ ಪಕ್ಕದಲ್ಲಿ ಕೂರಿಸಿ. ಕೂಸುಗಳಲ್ಲಿ ಮೂಗಿನ ಸೇತುವೆ ಅಗಲವಿದ್ದು ಮೆಳ್ಳೆಯಂತೆ ತೋರುವುದುಂಟು, ಅದು ಬೆಳೆಯುತ್ತ ಸರಿಹೋಗುತ್ತದೆ; ‘ನಮ್ಮ ಮನೆಯಲ್ಲಿ ತಾನಾಗೇ ಹೋಯಿತು’ ಎಂಬ ಕಥೆಗಳು ಬಹುಮಟ್ಟಿಗೆ ಇಲ್ಲಿಂದ ಹುಟ್ಟಿದವು. ಮಗುವಿಗೆ ನಾಲ್ಕು ತಿಂಗಳು ತುಂಬಿದ ನಂತರವೂ ಕಣ್ಣು ತಿರುಗುತ್ತಿದ್ದರೆ ಅದು ನಿಜವಾದ ಮೆಳ್ಳೆ ಎಂದೇ ಭಾವಿಸಿ ತೋರಿಸಬೇಕು. ಪಾಪೆಯಲ್ಲಿ ಬಿಳಿ ಹೊಳಪು ಕಂಡರಂತೂ ಅದೇ ವಾರ ತೋರಿಸಬೇಕು. ಮಕ್ಕಳ ಕಣ್ಣಿನ ಕ್ಯಾನ್ಸರ್ ಕೂಡ ಮೊದಲು ಬರಿಯ ಮೆಳ್ಳೆಯಾಗಿ ಕಾಣಿಸಿಕೊಳ್ಳುವುದುಂಟು. ಪಾಪೆ ಹಿಗ್ಗಿಸಿ ಕಣ್ಣಿನ ಹಿಂಭಾಗವನ್ನು ನೋಡದೆ ಯಾವ ಮೆಳ್ಳೆಗಣ್ಣಿಗೂ ವ್ಯಾಯಾಮ ಶುರುಮಾಡಬಾರದು ಎಂಬ ನನ್ನ ಹಟಕ್ಕೆ ಅದೂ ಒಂದು ಕಾರಣ.

ಆಪರೇಷನ್ ಬಗ್ಗೆ ಈಗಲೇ ಚಿಂತೆ ಬೇಡ. ಕನ್ನಡಕ ಹಾಕಿದ ಮೇಲೂ ಕಣ್ಣು ತಿರುಗುತ್ತಿದ್ದರೆ, ಕಣ್ಣುಗುಡ್ಡೆಯನ್ನು ತಿರುಗಿಸುವ ಆರು ಸ್ನಾಯುಗಳ ಪೈಕಿ ಒಂದೆರಡನ್ನು ಸಡಿಲಿಸುವ ಅಥವಾ ಬಿಗಿಗೊಳಿಸುವ ಶಸ್ತ್ರಚಿಕಿತ್ಸೆ ಮಾಡುತ್ತೇವೆ. ಅದು ಕಣ್ಣನ್ನು ನೇರ ಮಾಡುತ್ತದೆಯೇ ಹೊರತು ಮಂದತೆಯನ್ನು ಹೋಗಲಾಡಿಸುವುದಿಲ್ಲ. ಪಟ್ಟಿ, ಕನ್ನಡಕ ಅದರ ನಂತರವೂ ಇದ್ದೇ ಇರುತ್ತವೆ. ಕೆಲವರಿಗೆ ಬೊಟ್ಯುಲಿನಂ ಚುಚ್ಚುಮದ್ದೂ ಆಗುತ್ತದೆ. ಇಂದು ಮುಖದ ಸುಕ್ಕು ತೆಗೆಯಲು ಹೆಸರಾಗಿರುವ ಈ ಔಷಧವನ್ನು ಅಲನ್ ಸ್ಕಾಟ್ ಎಂಬ ನೇತ್ರವೈದ್ಯರು ಬೆಳೆಸಿದ್ದೇ ಮೆಳ್ಳೆಗಣ್ಣಿಗಾಗಿ, 1989ರಲ್ಲಿ ಅಮೆರಿಕದಲ್ಲಿ ಮೊದಲ ಅನುಮತಿ ಸಿಕ್ಕ ಕಾಯಿಲೆಗಳಲ್ಲಿ ಅದೂ ಒಂದು.

ತಮ್ಮನ ವಿಷಯ. 32ರಲ್ಲಿ ಮಂದದೃಷ್ಟಿಯನ್ನು ಪೂರ್ತಿ ಸರಿಪಡಿಸುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಬಾರದು. ವಯಸ್ಕರಲ್ಲಿಯೂ ತರಬೇತಿಯಿಂದ ಒಂದೆರಡು ಸಾಲು ಸುಧಾರಿಸಿದ ವರದಿಗಳಿವೆ. ಅದಕ್ಕೆ ಬೇಕಾಗುವ ಸಮಯ ಮತ್ತು ಹಣಕ್ಕೆ ಹೋಲಿಸಿದರೆ ಲಾಭ ಚಿಕ್ಕದು. ಥೆರಪಿ ಕೇಂದ್ರಗಳಲ್ಲಿ ಅಮೆರಿಕದ ನರವಿಜ್ಞಾನಿ ಸೂಸನ್ ಬ್ಯಾರಿಯವರ ಕಥೆಯನ್ನು ಅವನಿಗೆ ಹೇಳಬಹುದು: ಹಸುಳೆಯಲ್ಲೇ ಮೆಳ್ಳೆಗಣ್ಣಿದ್ದ ಅವರು 48ನೇ ವಯಸ್ಸಿನಲ್ಲಿ ತರಬೇತಿ ಪಡೆದು ಜೀವನದಲ್ಲಿ ಮೊದಲ ಬಾರಿಗೆ ಆಳವನ್ನು ಕಂಡರು. ಕಥೆ ನಿಜ. ಆದರೆ ಅವರ ಎರಡು ಕಣ್ಣುಗಳಲ್ಲೂ ಪ್ರತ್ಯೇಕವಾಗಿ ದೃಷ್ಟಿ ಚೆನ್ನಾಗಿತ್ತು, ಬಾಲ್ಯದಲ್ಲಿ ಶಸ್ತ್ರಚಿಕಿತ್ಸೆಯಿಂದ ಕಣ್ಣುಗಳು ಬಹಳಮಟ್ಟಿಗೆ ನೇರವಾಗಿದ್ದವು. ಮಂದ ಕಣ್ಣಿನ ತಮ್ಮನ ಸ್ಥಿತಿ ಬೇರೆ. ಕಣ್ಣು ಎದ್ದು ಕಾಣುವಷ್ಟು ತಿರುಗಿದ್ದು, ಕೆಲಸದ ಸಂದರ್ಶನದಲ್ಲೋ ಹೆಣ್ಣು ನೋಡುವಲ್ಲೋ ಅವನು ಮುಜುಗರಪಟ್ಟಿದ್ದರೆ, ಅದನ್ನು ನೇರ ಮಾಡಿಸುವುದಕ್ಕೆ ಯಾವ ವಯಸ್ಸೂ ಅಡ್ಡಿಯಲ್ಲ, ಅದನ್ನು ಶೋಕಿ ಎನ್ನಬೇಡಿ. ಅದಕ್ಕಿಂತ ಮುಖ್ಯವಾಗಿ, ಅವನಿಗೆ ಇರುವ ಒಂದೇ ಒಳ್ಳೆಯ ಕಣ್ಣನ್ನು ಕಾಯಬೇಕು. ಪವರ್ ಇರಲಿ ಬಿಡಲಿ, ಸುಲಭವಾಗಿ ಒಡೆಯದ ಪಾಲಿಕಾರ್ಬೊನೇಟ್ ಗಾಜಿನ ಕನ್ನಡಕ ಸದಾ ಇರಲಿ. ಬೈಕಿನಲ್ಲಿ ಹೋಗುವಾಗ, ಗ್ರೈಂಡಿಂಗ್ ಕೆಲಸ ಮಾಡುವಾಗ, ದೀಪಾವಳಿಯ ಪಟಾಕಿಯ ಹತ್ತಿರ ಅದಿಲ್ಲದೆ ನಿಲ್ಲಬಾರದು.

ಕೊನೆಯದಾಗಿ ತಮ್ಮ 3 ವರ್ಷದ ಮಗ. ಮೆಳ್ಳೆಗಣ್ಣೂ ಹೆಚ್ಚಿನ ಪ್ಲಸ್ ಪವರೂ ಮನೆತನದಲ್ಲಿ ಹರಿಯುತ್ತವೆ. ಅಕ್ಕನಿಗೂ ಸೋದರಮಾವನಿಗೂ ಇರುವಾಗ ಅವನಿಗೆ ಇಲ್ಲವೆಂದು ಊಹಿಸಿಕೊಂಡು ಕೂರಬಾರದು. ಮಗಳನ್ನು ಕಂಡುಹಿಡಿದ ತಪಾಸಣೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ್ದಾಗಿರಬೇಕು. ಅದೇ ತಂಡ ಅಂಗನವಾಡಿಗಳಿಗೂ ಬರುತ್ತದೆ, ಮತ್ತು ಅವರ ಚೀಟಿಯಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮುಂದಿನ ಪರೀಕ್ಷೆಗೆ ದಾರಿಯಾಗುತ್ತದೆ. ಆದರೆ ಅವರು ಬರುವವರೆಗೆ ಕಾಯುವುದಕ್ಕಿಂತ, ಅಕ್ಕನ ಮುಂದಿನ ಭೇಟಿಯ ದಿನವೇ ಇವನನ್ನೂ ಕರೆದೊಯ್ಯಿರಿ. ಅಕ್ಷರ ಓದಲು ಬರದಿದ್ದರೂ ತೊಂದರೆಯಿಲ್ಲ. ಡ್ರಾಪ್ಸ್ ಹಾಕಿ, ಕಣ್ಣಿನೊಳಗೆ ಬೆಳಕು ಬಿಟ್ಟು, ಅದು ತಿರುಗಿ ಬರುವ ಬಗೆಯಿಂದ ಪವರ್ ಅಳೆಯುತ್ತೇವೆ, ಮಗು ಬಾಯಿಬಿಟ್ಟು ಏನನ್ನೂ ಹೇಳಬೇಕಾಗಿಲ್ಲ. ಡ್ರಾಪ್ಸ್ ಉರಿಯುತ್ತದೆ, ಅಳುತ್ತಾನೆ. ಹತ್ತಿರದ್ದು ಮಸುಕಾಗುವುದು ಒಂದು ದಿನ ಇರಬಹುದು, ಬಲವಾದ ಔಷಧವಾದರೆ ಹೆಚ್ಚು ದಿನ. ಆದ್ದರಿಂದ ಮಗಳ ಶಾಲೆಯ ಪರೀಕ್ಷೆ ಇರುವ ವಾರ ತಪ್ಪಿಸಿ ದಿನ ಕೇಳಿ, ಮರಳುವಾಗ ಬಿಸಿಲಿಗೆ ಇಬ್ಬರಿಗೂ ಟೋಪಿ ಇರಲಿ.